ಮಾಧ್ಯಮ ಸಾಕ್ಷರತೆಯ ಸಂಶೋಧನೆ ಈಗ ಎಲ್ಲಿಗೆ ಬಂದಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಿನ ನಡುವೆ, ಪತ್ರಗಳಲ್ಲಿ, ಕಾಮೆಂಟುಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಹೆಚ್ಚು ತಿದ್ದಿಲ್ಲ. ಹೊಸಬರು ಮೇಲಿಂದ ಓದಿ. ಸಂಶೋಧನೆ ಮಾಡುವವರು ನೇರ ಕೊನೆಯ ಭಾಗಕ್ಕೆ ಹೋದರೂ ನಷ್ಟವಿಲ್ಲ.

## ಬುಡದಿಂದ

ಮಾಧ್ಯಮ ಸಾಕ್ಷರತೆ ಅಂದ್ರೆ ಫೇಕ್ ನ್ಯೂಸ್ ಹಿಡಿಯೋದು ತಾನೆ?

ಅದು ಮನೆಯ ಒಂದು ಕೋಣೆ ಅಷ್ಟೆ. ಈ ಕ್ಷೇತ್ರದವರು ಈಗಲೂ ಜಾಸ್ತಿ ಬಳಸುವ ವ್ಯಾಖ್ಯೆ 1992ರಲ್ಲಿ ಅಮೆರಿಕದ ಆಸ್ಪೆನ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಕರೆದ ಒಂದು ಸಭೆಯಿಂದ ಬಂದದ್ದು. ಮಾಧ್ಯಮವನ್ನು ತಲುಪುವುದು, ಬಿಡಿಸಿ ನೋಡುವುದು, ತೂಗಿ ನೋಡುವುದು, ತಾನೇ ಮಾಡುವುದು ಅಂತ ಅದರಲ್ಲಿ ನಾಲ್ಕು ಕೆಲಸಗಳಿವೆ. ಜಾಹೀರಾತು, ಸಿನಿಮಾ, ಧಾರಾವಾಹಿ, ಗೇಮ್, ಮೀಮ್ ಎಲ್ಲವೂ ಇದರೊಳಗೆ ಬರುತ್ತವೆ. ಸಿಗರೇಟು ಮತ್ತು ಮದ್ಯದ ಜಾಹೀರಾತು ಹದಿಹರೆಯದವರ ಮೇಲೆ ಏನು ಮಾಡುತ್ತದೆ, ಪತ್ರಿಕೆಯ ತೆಳ್ಳಗಿನ ಮಾಡೆಲ್‌ಗಳನ್ನು ನೋಡಿ ಹುಡುಗಿಯರಿಗೆ ತಮ್ಮ ದೇಹದ ಬಗ್ಗೆ ಏನನಿಸುತ್ತದೆ, ಇಂಥ ವಿಷಯಗಳಲ್ಲಿ ದಶಕಗಳ ಕೆಲಸ ಆಗಿದೆ. 2016ರ ನಂತರ ಸುಳ್ಳು ಸುದ್ದಿಯ ಕೋಣೆಯಲ್ಲೇ ಎಲ್ಲರೂ ಬಂದು ಕೂತಿದ್ದಾರೆ, ಹಾಗಾಗಿ ಉಳಿದ ಕೋಣೆಗಳು ಇರುವುದೇ ಮರೆತಂತಾಗಿದೆ. ಅದರಲ್ಲೂ 'ತಾನೇ ಮಾಡುವುದು' ಅನ್ನುವ ನಾಲ್ಕನೆಯದು ಪಾಪ, ಮೂಲೆ ಸೇರಿದೆ.

ಇದು ಇಂಟರ್ನೆಟ್ ಬಂದ ಮೇಲೆ ಶುರುವಾದ ವಿಷಯ ಅಲ್ವಾ?

ಅಲ್ಲ. 1933ರಲ್ಲೇ ಇಂಗ್ಲೆಂಡಿನಲ್ಲಿ ಲೀವಿಸ್ ಮತ್ತು ಥಾಂಪ್ಸನ್ ಎಂಬ ಇಬ್ಬರು, ಜಾಹೀರಾತು ಮತ್ತು ಅಗ್ಗದ ಪತ್ರಿಕೆಗಳ ಮೋಡಿಯಿಂದ ಮಕ್ಕಳನ್ನು ಕಾಪಾಡಲು ಶಾಲೆಯಲ್ಲೇ ಪಾಠ ಬೇಕು ಅಂತ ಬರೆದಿದ್ದರು. ಮಕ್ಕಳಿಗೆ 'ಒಳ್ಳೆಯ ಅಭಿರುಚಿ' ಕಲಿಸಿ ಮಾಧ್ಯಮದಿಂದ ದೂರ ಇಡಬೇಕು ಅನ್ನುವುದು ಆಗಿನ ಯೋಚನೆ. 1980ರ ದಶಕದಲ್ಲಿ ಬ್ರಿಟನ್ನಿನ ಮಾಧ್ಯಮ ಶಿಕ್ಷಣ ತಜ್ಞ ಲೆನ್ ಮಾಸ್ಟರ್‌ಮನ್ ಇದನ್ನು ತಿರುಗಿಸಿ ಹಾಕಿದರು. ಮಾಧ್ಯಮ ಒಳ್ಳೆಯದಾ ಕೆಟ್ಟದ್ದಾ ಅನ್ನುವುದಲ್ಲ, ಅದು ಜಗತ್ತನ್ನು ಯಾರ ಕಣ್ಣಿನಿಂದ ತೋರಿಸುತ್ತಿದೆ ಅಂತ ಕೇಳಿ ಅಂದರು. 1982ರ ಜನವರಿಯಲ್ಲಿ ಜರ್ಮನಿಯ ಗ್ರುನ್‌ವಾಲ್ಡ್‌ನಲ್ಲಿ ಯುನೆಸ್ಕೋ ಕರೆದ ಸಭೆಗೆ 19 ದೇಶಗಳಿಂದ ಜನ ಬಂದು, ಮಾಧ್ಯಮ ಶಿಕ್ಷಣ ಬೇಕೇ ಬೇಕು ಅಂತ ಒಂದು ಘೋಷಣೆ ಹೊರಡಿಸಿದರು. 1998ರಲ್ಲಿ ಅಮೆರಿಕದ ಸಂಶೋಧಕಿ ರೆನೀ ಹಾಬ್ಸ್ ಈ ಕ್ಷೇತ್ರದ ಏಳು ದೊಡ್ಡ ಜಗಳಗಳನ್ನು ಪಟ್ಟಿ ಮಾಡಿದರು. ಮಕ್ಕಳನ್ನು ಮಾಧ್ಯಮದಿಂದ ಕಾಪಾಡಬೇಕೋ ಬೇಡವೋ ಅನ್ನುವುದು ಅದರಲ್ಲಿ ಒಂದು. ಈ ವರ್ಷ ಬಂದ ಯಾವುದೋ ಸಂಶೋಧನಾ ಪೇಪರಿನ ಪೀಠಿಕೆ ತೆಗೆದು ನೋಡಿ, ಅದೇ ಜಗಳ ಹೊಸ ಬಟ್ಟೆ ಹಾಕಿಕೊಂಡು ನಿಂತಿರುತ್ತದೆ.

ಮಾಧ್ಯಮ ಸಾಕ್ಷರತೆ, ಮಾಹಿತಿ ಸಾಕ್ಷರತೆ, ಡಿಜಿಟಲ್ ಸಾಕ್ಷರತೆ, ಈಗ ಎಐ ಸಾಕ್ಷರತೆ. ಎಷ್ಟು ಸಾಕ್ಷರತೆ ಸ್ವಾಮಿ?

ಒಂದೊಂದೂ ಒಂದೊಂದು ತವರಿನಿಂದ ಬಂದಿದೆ. ಮಾಹಿತಿ ಸಾಕ್ಷರತೆ ಲೈಬ್ರರಿಯವರದ್ದು, ಆ ಹೆಸರು 1974ರಿಂದ ಇದೆ. ಮಾಧ್ಯಮ ಸಾಕ್ಷರತೆ ಭಾಷಾ ಮೇಷ್ಟ್ರುಗಳು ಮತ್ತು ಸಂವಹನ ವಿಭಾಗದವರದ್ದು. ಡಿಜಿಟಲ್ ಸಾಕ್ಷರತೆ ಕಂಪ್ಯೂಟರ್ ಕಡೆಯಿಂದ ಬಂತು. ಯುನೆಸ್ಕೋ 2011ರಲ್ಲಿ ಶಿಕ್ಷಕರಿಗಾಗಿ ಪಠ್ಯಕ್ರಮ ತಂದಾಗ ಮೊದಲ ಎರಡನ್ನೂ ಸೇರಿಸಿ 'ಮಾಧ್ಯಮ ಮತ್ತು ಮಾಹಿತಿ ಸಾಕ್ಷರತೆ' ಅಂದಿತು.

ಹೆಸರಿನ ಜಗಳ ಸುಮ್ನೆ ಅಂತ ಕಾಣಬಹುದು. ಆದರೆ 2021ರಲ್ಲಿ ಬಂದ ಒಂದು ಅಧ್ಯಯನ ಈ ಸಾಕ್ಷರತೆಗಳನ್ನು ಪಕ್ಕಪಕ್ಕ ಇಟ್ಟು, ಯಾವುದು ಇದ್ದವರು ಸುಳ್ಳು ಸುದ್ದಿಯನ್ನು ಸರಿಯಾಗಿ ಗುರುತಿಸುತ್ತಾರೆ ಅಂತ ನೋಡಿತು. ಮಾಹಿತಿ ಸಾಕ್ಷರತೆ ಮಾತ್ರ ಗೆದ್ದಿತು. ಲೈಬ್ರರಿಯವರು ಬೀಗಬೇಕಾಗಿಲ್ಲ. ಮಾಹಿತಿ ಸಾಕ್ಷರತೆಯನ್ನು ಅಳೆದದ್ದು ಸರಿ ಉತ್ತರ ಇರುವ ಪರೀಕ್ಷೆಯಿಂದ. ಉಳಿದವನ್ನು ಅಳೆದದ್ದು 'ನನಗೆ ಇದು ಬರುತ್ತದೆ' ಅಂತ ಜನ ತಾವೇ ಕೊಟ್ಟುಕೊಂಡ ಅಂಕದಿಂದ. ಗೆಲುವಿನಲ್ಲಿ ಸಾಕ್ಷರತೆಯ ಪಾಲು ಎಷ್ಟು, ಅಳತೆಗೋಲಿನ ಪಾಲು ಎಷ್ಟು ಅಂತ ಬರೆದವರೇ ಚರ್ಚೆ ಮಾಡಿದ್ದಾರೆ.

## ಸಂಶೋಧನೆ ಏನು ಹೇಳುತ್ತಿದೆ

2016 ಆದ ಮೇಲೆ ಏಕಾಏಕಿ ಇಷ್ಟೊಂದು ಪೇಪರ್ ಯಾಕೆ?

ಬ್ರಿಟನ್ನಿನ ಬ್ರೆಕ್ಸಿಟ್ ಮತದಾನ, ಅಮೆರಿಕದ ಚುನಾವಣೆ ಒಂದೇ ವರ್ಷ ಬಂದವು. ಅದೇ ನವೆಂಬರಿನಲ್ಲಿ ಸ್ಟ್ಯಾನ್‌ಫರ್ಡ್‌ನ ಇತಿಹಾಸ ಶಿಕ್ಷಣ ತಂಡ ವಿದ್ಯಾರ್ಥಿಗಳ 7,804 ಉತ್ತರಗಳನ್ನು ನೋಡಿ ವರದಿ ಕೊಟ್ಟಿತು. 'ಪ್ರಾಯೋಜಿತ' ಅಂತ ಬರೆದೇ ಇದ್ದ ಜಾಹೀರಾತನ್ನು ಮಾಧ್ಯಮಿಕ ಶಾಲೆಯ ಮಕ್ಕಳಲ್ಲಿ ಶೇ 80ಕ್ಕಿಂತ ಜಾಸ್ತಿ ಮಂದಿ ಸುದ್ದಿ ಅಂದುಕೊಂಡಿದ್ದರು. 2018ರಲ್ಲಿ ಟ್ವಿಟರ್‌ನ ಸುಮಾರು 1,26,000 ಸುದ್ದಿ ಸರಣಿಗಳನ್ನು ಹಿಂಬಾಲಿಸಿದ ಎಂಐಟಿಯವರು, ಸುಳ್ಳು ನಿಜಕ್ಕಿಂತ ವೇಗವಾಗಿ, ದೂರಕ್ಕೆ ಹೋಗುತ್ತದೆ ಅಂದರು. ಆಮೇಲೆ ಕೋವಿಡ್ ಬಂತು. ದುಡ್ಡೂ ಬಂತು.

ಅದರ ಜೊತೆಗೆ ಹೊಸ ಜನ ಬಂದರು. ಅಲ್ಲಿಯವರೆಗೆ ಇಲ್ಲಿದ್ದವರು ಹೆಚ್ಚಾಗಿ ಶಿಕ್ಷಕರು, ತರಗತಿಯಲ್ಲಿ ಕೂತು ನೋಡಿ ಬರೆಯುವವರು. ಈಗ ಮನಶ್ಶಾಸ್ತ್ರದವರು, ರಾಜ್ಯಶಾಸ್ತ್ರದವರು, ಡೇಟಾ ಸೈನ್ಸಿನವರು ಬಂದು ಸಾವಿರಾರು ಜನರ ಮೇಲೆ ಆನ್‌ಲೈನ್ ಪ್ರಯೋಗ ಮಾಡತೊಡಗಿದರು. ಹೋಲಿಕೆಗಾಗಿ ಪಾಠ ಕೊಡದೆ ಬಿಟ್ಟ ಕಂಟ್ರೋಲ್ ಗುಂಪು, ದೊಡ್ಡ ಸ್ಯಾಂಪಲ್, ಮೊದಲೇ ನೋಂದಾಯಿಸಿದ ಊಹೆ, ಇವೆಲ್ಲ ಒಳ್ಳೆಯದೇ. ಆದರೆ ಒಂದು ವರ್ಷದ ಪಾಠ ಇದ್ದದ್ದು ಎರಡು ನಿಮಿಷದ ಸಲಹೆಪಟ್ಟಿ ಆಯಿತು. ಅದಕ್ಕೂ ಹೆಸರು ಮಾಧ್ಯಮ ಸಾಕ್ಷರತೆಯೇ.

ಹಿಂದೆ ಚೆಕ್‌ಲಿಸ್ಟ್ ಕೊಡುತ್ತಿದ್ದರು. ಈಗ ಅದು ಸರಿಯಿಲ್ಲ ಅಂತಾರೆ. ಏನಾಯ್ತು?

ಕ್ರಾಪ್ ಟೆಸ್ಟ್ ಅಂತ ಒಂದಿತ್ತು, 2004ರಲ್ಲಿ ಕ್ಯಾಲಿಫೋರ್ನಿಯಾದ ಒಂದು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಹುಟ್ಟಿದ್ದು. ಪುಟ ಯಾವಾಗಿನದು, ಬರೆದವರು ಯಾರು, ಉದ್ದೇಶ ಏನು ಅಂತ ಒಂದೊಂದಾಗಿ ಟಿಕ್ ಹಾಕುತ್ತಾ ಹೋಗುವುದು. ಇದರ ಬುಡವನ್ನು ಅಲ್ಲಾಡಿಸಿದ್ದು ಅದೇ ಸ್ಟ್ಯಾನ್‌ಫರ್ಡ್ ತಂಡದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ ಅವರ ಒಂದು ಸಣ್ಣ ಅಧ್ಯಯನ. ಬರೀ 45 ಜನ: 10 ಇತಿಹಾಸದ ವಿದ್ವಾಂಸರು, 10 ವೃತ್ತಿಪರ ಫ್ಯಾಕ್ಟ್ ಚೆಕರ್‌ಗಳು, 25 ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು.

ಅವರ ಮುಂದೆ ಶಾಲೆಯಲ್ಲಿ ಮಕ್ಕಳು ಮಕ್ಕಳನ್ನೇ ಪೀಡಿಸುವುದರ ಬಗ್ಗೆ ಎರಡು ವೆಬ್ ಪುಟ ಇಟ್ಟರು. ಒಂದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನದು, 1930ರಿಂದ ಇರುವ, ಹತ್ತಾರು ಸಾವಿರ ಸದಸ್ಯರಿರುವ ಮಕ್ಕಳ ವೈದ್ಯರ ದೊಡ್ಡ ಸಂಘ. ಇನ್ನೊಂದು ಅಮೆರಿಕನ್ ಕಾಲೇಜ್ ಆಫ್ ಪೀಡಿಯಾಟ್ರಿಶಿಯನ್ಸ್‌ನದು, 2002ರಲ್ಲಿ ಸಲಿಂಗಿ ದಂಪತಿ ಮಕ್ಕಳನ್ನು ದತ್ತು ಪಡೆಯುವ ವಿಷಯಕ್ಕೆ ಮುನಿಸಿಕೊಂಡು ಹೊರಬಿದ್ದ ಒಂದು ಸಣ್ಣ ಗುಂಪು. ಹೆಸರು ಕೇಳಿದರೆ ಎರಡೂ ಅಣ್ಣತಮ್ಮಂದಿರಂತೆ ಇವೆ, ನೋಡಲಿಕ್ಕೂ ಎರಡೂ ಗಂಭೀರವಾಗಿಯೇ ಇವೆ. ವಿದ್ವಾಂಸರು ಪುಟವನ್ನು ಮೇಲಿಂದ ಕೆಳಗೆ ಶ್ರದ್ಧೆಯಿಂದ ಓದಿದರು. ಲೋಗೋ ನೋಡಿದರು, ಅಡಿಟಿಪ್ಪಣಿ ನೋಡಿದರು, ಭಾಷೆ ಚೆನ್ನಾಗಿದೆ ಅಂದರು. ಫ್ಯಾಕ್ಟ್ ಚೆಕರ್‌ಗಳು ಕೆಲವೇ ಕ್ಷಣದಲ್ಲಿ ಆ ಪುಟದಿಂದ ಆಚೆ ಹೋಗಿ ಪಕ್ಕದಲ್ಲಿ ಹೊಸ ಟ್ಯಾಬ್‌ಗಳನ್ನು ತೆರೆದರು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ಹುಡುಕಿದರು, ಆಮೇಲೆ ಬೇಕಿದ್ದರೆ ಪುಟಕ್ಕೆ ವಾಪಸ್ ಬಂದರು. ಹತ್ತಕ್ಕೆ ಹತ್ತೂ ಮಂದಿ ಅಕಾಡೆಮಿಯೇ ನಂಬಿಕಸ್ಥ ಅಂದರು. ವಿದ್ವಾಂಸರಲ್ಲಿ ಹಾಗೆ ಹೇಳಿದವರು ಅರ್ಧ. ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಸಣ್ಣ ಗುಂಪನ್ನೇ ಆರಿಸಿದರು.

ಚೆಕ್‌ಲಿಸ್ಟ್ ಏನು ಹೇಳುತ್ತಿತ್ತೋ ಅದನ್ನು ವಿದ್ವಾಂಸರು ಮಾಡಿದ್ದರು, ನೋಡಿ. ಪುಟದ ಒಳಗಿರುವ ಪ್ರತಿಯೊಂದನ್ನೂ ಪುಟ ಮಾಡಿದವರೇ ಇಟ್ಟಿರುತ್ತಾರೆ, ಲೋಗೋಗೆ ಎಷ್ಟು ಖರ್ಚಾದೀತು? ಪಕ್ಕದ ಟ್ಯಾಬ್‌ಗೆ ಹೋಗುವ ಈ ಅಭ್ಯಾಸಕ್ಕೆ ಸಂಶೋಧಕರು ಲ್ಯಾಟರಲ್ ರೀಡಿಂಗ್ ಅಂತ ಹೆಸರಿಟ್ಟರು, 'ಅಡ್ಡ ಓದು' ಅನ್ನೋಣ. ಮೈಕ್ ಕಾಲ್‌ಫೀಲ್ಡ್ ಇದನ್ನೇ ತರಗತಿಗೆ ಇಳಿಸಿ ಸಿಫ್ಟ್ ಎಂಬ ನಾಲ್ಕು ಹೆಜ್ಜೆ ಮಾಡಿದರು: ನಿಲ್ಲು, ಮೂಲದವರು ಯಾರು ನೋಡು, ಇನ್ನೂ ಒಳ್ಳೆಯ ವರದಿ ಹುಡುಕು, ಮಾತು ಅಥವಾ ಚಿತ್ರ ಮೊದಲು ಎಲ್ಲಿತ್ತೋ ಅಲ್ಲಿಗೆ ಹೋಗು.

ಕೊನೆಗೂ ಇದೆಲ್ಲ ಕೆಲಸ ಮಾಡುತ್ತಾ ಇಲ್ವಾ? ಸುತ್ತಿ ಬಳಸದೆ ಹೇಳಿ.

ಮಾಡುತ್ತದೆ. ಎಷ್ಟು, ಯಾರಿಗೆ, ಎಷ್ಟು ದಿನ ಅನ್ನುವಲ್ಲಿ ತಕರಾರು.

2012ರ ಒಂದು ಮೆಟಾ ಅನಾಲಿಸಿಸ್ 51 ಅಧ್ಯಯನಗಳನ್ನು ಒಟ್ಟು ಮಾಡಿ ಸರಾಸರಿ ಪರಿಣಾಮ 0.37 ಅಂದಿತು. ಇದು ಸಣ್ಣದಕ್ಕೂ ಮಧ್ಯಮಕ್ಕೂ ನಡುವಿನ ಲೆಕ್ಕ. ಜ್ಞಾನ, ವಿಮರ್ಶೆ ಇವುಗಳ ಮೇಲೆ ಪರಿಣಾಮ ಜಾಸ್ತಿ, ನಡವಳಿಕೆಯ ಮೇಲೆ ಕಡಿಮೆ. ಗೊತ್ತಿದ್ದೂ ಮಾಡದಿರುವುದು ಮನುಷ್ಯರ ಹಳೆಯ ಚಾಳಿ ಅಲ್ವಾ. ಸುಳ್ಳು ಮಾಹಿತಿಯ ವಿಷಯವನ್ನೇ ಇಟ್ಟುಕೊಂಡು 49 ಅಧ್ಯಯನ ಸೇರಿಸಿದ 2024ರ ವಿಶ್ಲೇಷಣೆಯೂ ಒಟ್ಟಿನಲ್ಲಿ ಲಾಭ ಇದೆ ಅಂದಿದೆ.

ಸರಾಸರಿಯನ್ನು ಬಿಟ್ಟು ಒಂದೊಂದು ಅಧ್ಯಯನಕ್ಕೆ ಇಳಿದರೆ ಕಥೆ ಬೇರೆ. 2020ರಲ್ಲಿ ಬಂದ ಒಂದು ಪ್ರಯೋಗದಲ್ಲಿ ಸುಳ್ಳು ಸುದ್ದಿ ಗುರುತಿಸಲು ಫೇಸ್‌ಬುಕ್ ಕೊಟ್ಟ ಸಲಹೆಗಳನ್ನೇ ಓದಿಸಿದರು. ಸುಳ್ಳು ನಿಜ ಬೇರ್ಪಡಿಸುವ ಶಕ್ತಿ ಅಮೆರಿಕದಲ್ಲಿ ಶೇ 26.5, ಭಾರತದ ಹೆಚ್ಚು ಓದಿದ ಆನ್‌ಲೈನ್ ಗುಂಪಿನಲ್ಲಿ ಶೇ 17.5 ಸುಧಾರಿಸಿತು. ಉತ್ತರ ಭಾರತದ ಹಳ್ಳಿಗಳ ಜನರೇ ಹೆಚ್ಚಿದ್ದ ಗುಂಪಿನಲ್ಲಿ ಏನೂ ಆಗಲಿಲ್ಲ. 2021ರಲ್ಲಿ ಸುಮಿತ್ರಾ ಬದ್ರಿನಾಥನ್ ಪ್ರಕಟಿಸಿದ ಬಿಹಾರದ ಪ್ರಯೋಗದಲ್ಲಿ ಸುಮಾರು 1,200 ಜನ. ಪಾಠ ಪಡೆದವರಿಗೆ ಮನೆಗೇ ಹೋಗಿ ಒಂದು ಗಂಟೆ ಹೇಳಿಕೊಟ್ಟರು. ಸರಾಸರಿ ಲಾಭ ಕಾಣಲಿಲ್ಲ, ಕೇಂದ್ರದಲ್ಲಿ ಆಗ ಆಡಳಿತದಲ್ಲಿದ್ದ ಬಿಜೆಪಿಯ ಬೆಂಬಲಿಗರಲ್ಲಂತೂ ತಮ್ಮ ಕಡೆಗೆ ಹಿತವಾದ ಸುಳ್ಳನ್ನು ಗುರುತಿಸುವುದು ಇನ್ನೂ ಕಡಿಮೆಯಾಯಿತು. ಅಲ್ಲಿಗೆ ಬಿಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಅವರೂ ಜೊತೆಗಾರರೂ ಅದೇ ಬಿಹಾರಕ್ಕೆ ಮತ್ತೆ ಹೋದರು. ಈ ಸಲ 583 ಹಳ್ಳಿ, 13,500ಕ್ಕೂ ಹೆಚ್ಚು ಹದಿಹರೆಯದ ವಿದ್ಯಾರ್ಥಿಗಳು, ವಾರಗಟ್ಟಲೆ ಹರಡಿದ ತರಗತಿಗಳು. ಈ ಸಲ ಪರಿಣಾಮ ಚೆನ್ನಾಗಿ ಕಂಡಿತು, ತಿಂಗಳುಗಳ ನಂತರವೂ ಉಳಿಯಿತು.

ಒಂದು ಗಂಟೆಯ ಭಾಷಣ, ಒಂದು ಪೋಸ್ಟರ್, ಒಂದು ವೀಡಿಯೋ ಇವುಗಳಿಂದ ಜಾಸ್ತಿ ಬಯಸಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಲಸಿಕೆ ಥರ ಮೊದಲೇ ಕೊಡೋ ವಿಧಾನ ಇದೆ ಅಂತ ಓದಿದೆ. ಅದು ಏನು?

1960ರ ದಶಕದ ಆರಂಭದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮೆಕ್‌ಗೈರ್ ಕೊಟ್ಟ ಯೋಚನೆ. ದುರ್ಬಲಗೊಳಿಸಿದ ವಾದವನ್ನು ಮೊದಲೇ ತೋರಿಸಿದರೆ ಆಮೇಲೆ ಬರುವ ಬಲವಾದ ವಾದಕ್ಕೆ ಮನಸ್ಸು ಸಿದ್ಧವಾಗಿರುತ್ತದೆ ಅನ್ನುವುದು. ಕೇಂಬ್ರಿಡ್ಜ್‌ನ ಸಂಶೋಧಕರು 2018ರಲ್ಲಿ ಇದನ್ನು ಬ್ಯಾಡ್ ನ್ಯೂಸ್ ಎಂಬ ಆಟ ಮಾಡಿದರು. ಆಡುವವರೇ ಸುಳ್ಳು ಸುದ್ದಿಯ ವ್ಯಾಪಾರಿ. ಜನರನ್ನು ಕೆರಳಿಸಿ, ಒಡೆದು, ಬೇರೆಯವರ ವೇಷ ಹಾಕಿ ಹಿಂಬಾಲಕರನ್ನು ಗಳಿಸಬೇಕು. 2022ರಲ್ಲಿ ಒಂದೂವರೆ ನಿಮಿಷದ ವೀಡಿಯೋಗಳನ್ನು ಯೂಟ್ಯೂಬ್ ಜಾಹೀರಾತಿನ ಜಾಗದಲ್ಲಿ ಹಾಕಿ ನೋಡಿದರು, ಅಲ್ಲೂ ಸ್ವಲ್ಪ ಲಾಭ ಕಂಡಿತು. ಆದರೆ 2023ರಲ್ಲಿ ಇಬ್ಬರು ಸಂಶೋಧಕರು ಇಂಥ ಆಟಗಳ ಹಳೆಯ ಡೇಟಾ ಮತ್ತೆ ತೆಗೆದು ಬೇರೆ ಲೆಕ್ಕ ಹಾಕಿದಾಗ, ಆಡಿದವರು ಸುಳ್ಳು ನಿಜ ಬೇರ್ಪಡಿಸುವುದರಲ್ಲಿ ಸುಧಾರಿಸಿರಲಿಲ್ಲ, ಎಲ್ಲವನ್ನೂ 'ಸುಳ್ಳು' ಅನ್ನುವುದು ಜಾಸ್ತಿಯಾಗಿತ್ತು ಅಂದರು. ಜಗಳ ಇನ್ನೂ ನಡೆದಿದೆ.

ಜಾಸ್ತಿ ಅನುಮಾನ ಪಟ್ಟರೆ ಒಳ್ಳೆಯದೇ ಅಲ್ವಾ?

ಈ ಹತ್ತು ವರ್ಷದ ಸಂಶೋಧನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಪ್ರಶ್ನೆ ಇದೇ. ಒಂದು ಸಣ್ಣ ಲೆಕ್ಕ ಹಾಕೋಣ.

ಹತ್ತು ಸುದ್ದಿ ಇದೆ ಅಂದುಕೊಳ್ಳಿ. ಐದು ನಿಜ, ಐದು ಸುಳ್ಳು. ಪಾಠಕ್ಕೆ ಮುಂಚೆ ಒಬ್ಬ ವಿದ್ಯಾರ್ಥಿ ನಿಜದಲ್ಲಿ ನಾಲ್ಕನ್ನು, ಸುಳ್ಳಿನಲ್ಲಿ ಮೂರನ್ನು ನಂಬುತ್ತಿದ್ದ. ಪಾಠವಾದ ಮೇಲೆ ಸುಳ್ಳಿನಲ್ಲಿ ಒಂದನ್ನು ಮಾತ್ರ ನಂಬಿದ. ಭೇಷ್, ವರದಿ ಬರೆಯಬಹುದು! ಆದರೆ ನಿಜದ ಕಡೆ ನೋಡಿದರೆ ಅಲ್ಲೂ ನಾಲ್ಕು ಇದ್ದದ್ದು ಎರಡಕ್ಕೆ ಇಳಿದಿದೆ. ಮುಂಚೆ ವ್ಯತ್ಯಾಸ ಒಂದು, ಈಗಲೂ ಒಂದೇ. ಹುಡುಗ ಕಲಿತದ್ದು ಬೇರ್ಪಡಿಸುವುದನ್ನಲ್ಲ, ತಲೆ ಅಲ್ಲಾಡಿಸುವುದನ್ನು. ಬರೀ ಸುಳ್ಳು ಸುದ್ದಿಗಳನ್ನೇ ತೋರಿಸಿ ಪರೀಕ್ಷೆ ಮಾಡಿದ ಅಧ್ಯಯನಗಳಲ್ಲಿ ಇದು ಕಣ್ಣಿಗೇ ಬೀಳುವುದಿಲ್ಲ.

ಇದು ಬರೀ ಕಾಗದದ ಲೆಕ್ಕವಲ್ಲ. 2024ರಲ್ಲಿ ಅಮೆರಿಕ, ಪೋಲೆಂಡ್, ಹಾಂಗ್‌ಕಾಂಗ್ ಮೂರು ಕಡೆ ನಡೆದ ಪ್ರಯೋಗಗಳು ಪ್ರಕಟವಾದವು. ಫ್ಯಾಕ್ಟ್ ಚೆಕ್, ಮಾಧ್ಯಮ ಸಾಕ್ಷರತೆ ಇವೆರಡೂ ಸುಳ್ಳಿನ ಮೇಲಿನ ನಂಬಿಕೆ ಇಳಿಸಿದವು, ನಿಜದ ಮೇಲಿನ ನಂಬಿಕೆಯನ್ನೂ ಇಳಿಸಿದವು. ಇಂಟರ್ನೆಟ್ ಸಂಶೋಧಕಿ ದಾನಾ ಬಾಯ್ಡ್ 2018ರಲ್ಲೇ ಎಚ್ಚರಿಸಿದ್ದರು: ಎಲ್ಲವನ್ನೂ ಪ್ರಶ್ನಿಸಿ ಅಂತ ನಾವು ಕಲಿಸುತ್ತೇವೆ, ಪಿತೂರಿ ಕಥೆ ಮಾರುವವರೂ ಅದನ್ನೇ ಹೇಳುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಕಲಿಸಿ ಕಲಿಸಿ, ಹುಡುಗರು ಹಾಲನ್ನೂ ಚೆಲ್ಲುವ ಹಾಗಾದರೆ ಏನು ಬಂತು? ಹಾಗಾಗಿ ಹೊಸ ಪೇಪರ್ ಕೈಗೆ ಸಿಕ್ಕರೆ ನಾನು ಮೊದಲು ನೋಡುವುದು ಒಂದೇ: ಪರೀಕ್ಷೆಯಲ್ಲಿ ನಿಜವಾದ ಸುದ್ದಿಗಳೂ ಇದ್ದವಾ?

'ಗೂಗಲ್ ಮಾಡಿ ನೋಡಿ' ಅಂದ್ರೆ ಸಾಲದಾ?

ಸಾಲದು. ಸುಳ್ಳು ಸುದ್ದಿಯನ್ನು ಪರೀಕ್ಷಿಸಲು ಇಂಟರ್ನೆಟ್ಟಿನಲ್ಲಿ ಹುಡುಕಿದವರು ಅದನ್ನು ನಿಜ ಅಂದುಕೊಳ್ಳುವ ಸಾಧ್ಯತೆ ಹೆಚ್ಚಾಯಿತು ಅಂತ ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿದೆ. ಸುಳ್ಳು ಸುದ್ದಿಯ ತಲೆಬರಹದ ಪದಗಳನ್ನೇ ಹುಡುಕುಪೆಟ್ಟಿಗೆಗೆ ಹಾಕಿದರೆ ಅದೇ ಪದ ಬಳಸಿದ ಕಳಪೆ ತಾಣಗಳೇ ಮೇಲೆ ಬರುತ್ತವೆ. ಒಳ್ಳೆಯ ಪತ್ರಕರ್ತರು ಆ ಪದಗಳಲ್ಲಿ ಏನೂ ಬರೆದಿರುವುದಿಲ್ಲ. ಅಡ್ಡ ಓದು ಕಲಿಸುವವರು ಇದನ್ನೂ ಸೇರಿಸಿ ಕಲಿಸಬೇಕು: ಏನನ್ನು ಹುಡುಕಬೇಕು, ಮೊದಲ ಫಲಿತಾಂಶ ಕಂಡ ಕೂಡಲೇ ಒತ್ತದೆ ಹೇಗೆ ಪಟ್ಟಿಯನ್ನು ಓದಬೇಕು. ಇದರ ಮುಂದಿನ ಹೆಜ್ಜೆಯಾಗಿ 2023ರಲ್ಲಿ ಕೆಲವರು, ಯಾವುದಕ್ಕೆ ಗಮನ ಕೊಡಬಾರದು ಅಂತ ನಿರ್ಧರಿಸುವುದೂ ಒಂದು ಕೌಶಲ ಅಂತ ವಾದ ಮಾಡಿದ್ದಾರೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಿದ್ದೆವು. ದಿನಕ್ಕೆ ನೂರಾರು ಕಂಡರೆ ಎಷ್ಟಂತ ಪರಾಂಬರಿಸುತ್ತೀರಿ?

ಬರೀ ಮಕ್ಕಳ ಬಗ್ಗೆಯೇ ಮಾತಾಡ್ತೀರಿ. ವಯಸ್ಸಾದವರು?

ನಿಜ, ಅಲ್ಲಿ ಕೆಲಸ ಕಡಿಮೆ. 2016ರ ಅಮೆರಿಕ ಚುನಾವಣೆಯ ಸಮಯದಲ್ಲಿ 65 ದಾಟಿದವರು ಯುವಕರಿಗಿಂತ ಸುಮಾರು ಏಳು ಪಟ್ಟು ಹೆಚ್ಚು ಸುಳ್ಳು ತಾಣಗಳ ಲೇಖನ ಹಂಚಿದ್ದರು. 2022ರ ಒಂದು ಅಧ್ಯಯನದಲ್ಲಿ ಹಿರಿಯರಿಗಾಗಿಯೇ ಮಾಡಿದ ಆನ್‌ಲೈನ್ ಪಾಠ ಮುಗಿಸಿದವರ ಸರಿ ಉತ್ತರ ಶೇ 64ರಿಂದ 85ಕ್ಕೆ ಏರಿತು. ಆದರೆ ತಾವಾಗಿಯೇ ಬಂದು ಕಲಿತವರು ಅವರು. ಬಾರದವರದ್ದೇ ತಲೆನೋವು.

## ಸಂಶೋಧನೆ ಮಾಡುವವರಿಗೆ

ಫಿನ್‌ಲ್ಯಾಂಡ್ ನಂಬರ್ ಒನ್ ಅಂತಾರೆ. ಯಾರು ಅಳೆದರು?

ಬಲ್ಗೇರಿಯಾದ ಸೋಫಿಯಾದಲ್ಲಿರುವ ಒಂದು ಸಂಸ್ಥೆ ಯುರೋಪಿನ ದೇಶಗಳ ಪಟ್ಟಿ ಮಾಡುತ್ತದೆ, ಫಿನ್‌ಲ್ಯಾಂಡ್ ಅಲ್ಲಿ ಸದಾ ಮೇಲೆ. ಆದರೆ ಆ ಪಟ್ಟಿ ಯಾರ ಮಾಧ್ಯಮ ಸಾಕ್ಷರತೆಯನ್ನೂ ನೇರ ಅಳೆಯುವುದಿಲ್ಲ. ಪತ್ರಿಕಾ ಸ್ವಾತಂತ್ರ್ಯ, ಹಲವು ದೇಶಗಳ 15 ವರ್ಷದ ಮಕ್ಕಳಿಗೆ ನಡೆಸುವ ಪೀಸಾ ಪರೀಕ್ಷೆಯ ಅಂಕ, ಜನರ ನಡುವಿನ ನಂಬಿಕೆ ಇಂಥವನ್ನು ಕೂಡಿಸಿ ಊಹಿಸುತ್ತದೆ. ಸುಳ್ಳಿನ ಎದುರು ನಿಲ್ಲುವ ತಾಕತ್ತಿನ ಅಂದಾಜು ಅದು.

ನೇರ ಅಳೆಯುವುದೇ ಈ ಕ್ಷೇತ್ರದ ದೊಡ್ಡ ಗಾಯ. ಜನರನ್ನೇ ಕೇಳಿದರೆ ಎಲ್ಲರೂ ಜಾಣರೇ. 2021ರಲ್ಲಿ 8,000ಕ್ಕೂ ಹೆಚ್ಚು ಅಮೆರಿಕನ್ನರನ್ನು ನೋಡಿದ ಅಧ್ಯಯನದಲ್ಲಿ ನಾಲ್ವರಲ್ಲಿ ಮೂವರು ತಮ್ಮ ಶಕ್ತಿಯನ್ನು ಹೆಚ್ಚಾಗಿ ಅಂದಾಜಿಸಿದ್ದರು, ಹಾಗೆ ಬೀಗಿದವರೇ ಕಳಪೆ ತಾಣಗಳಿಗೆ ಜಾಸ್ತಿ ಹೋಗುತ್ತಿದ್ದರು. ಕೆಲಸ ಕೊಟ್ಟು ನೋಡುವ ಪರೀಕ್ಷೆಗಳು ದುಬಾರಿ, ನಿಧಾನ, ಆದರೆ ಅವೇ ಸರಿ. ಪೀಸಾ 2029ರಲ್ಲಿ ಮಾಧ್ಯಮ ಮತ್ತು ಎಐ ಸಾಕ್ಷರತೆಯನ್ನೇ ಒಂದು ವಿಷಯವಾಗಿ ಇಟ್ಟುಕೊಂಡಿದೆ. ಅದರ ಅಂಕ ಬಂದ ಮೇಲೆ ಯಾರು ನಂಬರ್ ಒನ್ ಅನ್ನುವ ಜಗಳಕ್ಕೆ ಸ್ವಲ್ಪ ಆಧಾರವಾದರೂ ಇರುತ್ತದೆ.

ಸ್ಕೋಪಸ್‌ನಿಂದ (ಸಂಶೋಧನಾ ಪೇಪರುಗಳ ಪಟ್ಟಿಯ ಕೋಶ) ಡೇಟಾ ಇಳಿಸಿ ವಿಒಎಸ್‌ವ್ಯೂವರ್ ಸಾಫ್ಟ್‌ವೇರಿನಲ್ಲಿ ನಕ್ಷೆ ಮಾಡಿದರೆ ಟ್ರೆಂಡ್ ಗೊತ್ತಾಗುತ್ತಾ?

ಬಣ್ಣಬಣ್ಣದ ಚುಕ್ಕೆಗಳು ಗ್ಯಾರಂಟಿ. ಟ್ರೆಂಡ್ ಕೂಡ ಸ್ವಲ್ಪ ಗೊತ್ತಾಗುತ್ತದೆ. ಆದರೆ ಆ ನಕ್ಷೆ ತೋರಿಸುವುದು ಮುಖ್ಯವಾಗಿ ಇಂಗ್ಲಿಷಿನ ಜಗತ್ತನ್ನು. ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಆಡುವ ಲ್ಯಾಟಿನ್ ಅಮೆರಿಕದಲ್ಲಿ ಇದೇ ಕೆಲಸ 'ಎಜುಕೊಮುನಿಕಾಸಿಯಾನ್' ಥರದ ಹೆಸರಿನಲ್ಲಿ, ಬ್ರೆಜಿಲ್‌ನ ಶಿಕ್ಷಣ ಚಿಂತಕ ಪೌಲೋ ಫ್ರೇರೆಯ ನೆರಳಿನಲ್ಲಿ ಬೆಳೆದಿದೆ. ಜರ್ಮನ್ನರು 'ಮೀಡಿಯನ್‌ಕಾಂಪಿಟೆಂಟ್ಸ್' ಅನ್ನುತ್ತಾರೆ. 'ಮೀಡಿಯಾ ಲಿಟರಸಿ' ಎಂಬ ಒಂದೇ ಪದ ಹಾಕಿ ಹುಡುಕಿದವರ ಬಲೆಗೆ ಇವರು ಬೀಳುವುದೇ ಇಲ್ಲ, ಆಮೇಲೆ 'ಆ ದೇಶಗಳಲ್ಲಿ ಸಂಶೋಧನೆ ಕಡಿಮೆ' ಅಂತ ತೀರ್ಮಾನ ಬರೆಯುತ್ತಾರೆ. ಇನ್ನೊಂದು ಮಾತು. ಹಳೆಯ ಪೇಪರಿಗೆ ಉಲ್ಲೇಖ ಜಾಸ್ತಿ ಇರುತ್ತದೆ, ಅದು ಹಳೆಯದಾದ ಕಾರಣಕ್ಕೆ. ನಕ್ಷೆ ಮಾಡಿ, ಆದರೆ ಪ್ರತಿ ಗುಂಪಿನಿಂದ ಹತ್ತು ಪೇಪರನ್ನಾದರೂ ಪೂರ್ತಿ ಓದಿ.

ಎಐ ಬಂದ ಮೇಲೆ ಹಳೆಯದೆಲ್ಲ ದಂಡ ಆಯ್ತಾ?

ಕೆಲವು ದಂಡ ಆಯಿತು. ಚಿತ್ರದಲ್ಲಿ ಬೆರಳು ಎಣಿಸಿ, ಕಾಗುಣಿತ ತಪ್ಪು ನೋಡಿ ಅನ್ನುವ ಸಲಹೆಗಳಿಗೆ ಆಯಸ್ಸು ಮುಗಿಯುತ್ತಾ ಬಂತು. ಅಡ್ಡ ಓದು ಉಳಿಯಿತು, ಯಾಕೆಂದರೆ ಅದು ಚಿತ್ರದ ಒಳಗೆ ನೋಡುವುದೇ ಇಲ್ಲ, ಚಿತ್ರ ಎಲ್ಲಿಂದ ಬಂತು ಅಂತ ಕೇಳುತ್ತದೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ 3,446 ಹೈಸ್ಕೂಲ್ ವಿದ್ಯಾರ್ಥಿಗಳಿಗೆ ಮತಪೆಟ್ಟಿಗೆಗೆ ಚೀಟಿ ತುರುಕುವ ಒಂದು ಮಸುಕು ವೀಡಿಯೋ ತೋರಿಸಿದ್ದರು. ಅರ್ಧಕ್ಕಿಂತ ಜಾಸ್ತಿ ಮಂದಿ ಅದನ್ನು ಅಮೆರಿಕದ ಚುನಾವಣಾ ಅಕ್ರಮಕ್ಕೆ ಬಲವಾದ ಸಾಕ್ಷಿ ಅಂದರು. ಅದು ರಷ್ಯಾದ ವೀಡಿಯೋ. ಅದರಲ್ಲಿ ಎಐ ಇರಲಿಲ್ಲ, ಎಡಿಟಿಂಗೂ ಬೇಕಾಗಲಿಲ್ಲ, ತಪ್ಪು ತಲೆಬರಹ ಒಂದೇ ಸಾಕಾಯಿತು.

ನಿಜವಾಗಿ ಹೊಸದು ಚಾಟ್‌ಬಾಟ್. ಹುಡುಕಾಟದಲ್ಲಿ ಹತ್ತು ಕೊಂಡಿಗಳಾದರೂ ಕಾಣುತ್ತಿದ್ದವು. ಇಲ್ಲಿ ಒಂದೇ ನಯವಾದ ಉತ್ತರ ಬರುತ್ತದೆ, ಮೂಲ ಯಾವುದು ಅಂತ ಅಗೆಯಬೇಕು. ಅಗೆಯುವುದನ್ನು ಹೇಗೆ ಕಲಿಸುವುದು ಅಂತ ಸಂಶೋಧನೆ ಈಗ ಕಣ್ಣು ಬಿಡುತ್ತಿದೆ.

ಪಿಎಚ್‌ಡಿಗೆ ವಿಷಯ ಬೇಕು. ಎಲ್ಲಿ ಜಾಗ ಖಾಲಿ ಇದೆ?

ಹದಿಹರೆಯದವರ ಮೊಬೈಲ್ ಬಳಕೆ ಸಮೀಕ್ಷೆ ಮಾತ್ರ ಬೇಡ, ದಯವಿಟ್ಟು. ಹೆಚ್ಚಿನ ಪ್ರಯೋಗಗಳು ತಲೆಬರಹ ಮತ್ತು ಸ್ಕ್ರೀನ್‌ಶಾಟ್ ತೋರಿಸುತ್ತವೆ. ಜನ ನೋಡುವುದು ರೀಲ್ಸ್, ಕೇಳುವುದು ವಾಯ್ಸ್ ಮೆಸೇಜ್. ಅಲ್ಲಿ ತುಂಬ ಜಾಗ ಇದೆ. ವಾಟ್ಸಾಪ್ ಗ್ರೂಪಿನಲ್ಲಿ ದೊಡ್ಡಪ್ಪ ಹಾಕಿದ ಸುಳ್ಳನ್ನು ಗೊತ್ತಿದ್ದೂ ಯಾರೂ ತಿದ್ದುವುದಿಲ್ಲ ಯಾಕೆ ಅನ್ನುವುದು ಸಾಕ್ಷರತೆಯ ಪ್ರಶ್ನೆಯೋ ಸಂಬಂಧದ ಪ್ರಶ್ನೆಯೋ ಅಂತ ನೋಡಬಹುದು. ಶಿಕ್ಷಕರ ಮೇಲೆ ಕೆಲಸ ಕಡಿಮೆ, ರಾಜಕೀಯ ಉದಾಹರಣೆ ಎತ್ತಲು ಅವರು ಹೆದರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮಾಧ್ಯಮವನ್ನು ಕೈಯಾರೆ ಮಾಡಿ ಕಲಿಯುವುದರಿಂದ ತೂಗಿ ನೋಡುವ ಶಕ್ತಿ ನಿಜಕ್ಕೂ ಬರುತ್ತದಾ ಅನ್ನುವುದಕ್ಕೂ ಗಟ್ಟಿ ಪ್ರಯೋಗ ಬೇಕು.

ಯಾವುದನ್ನೇ ತೆಗೆದುಕೊಳ್ಳಿ, ಪಾಠ ಮುಗಿದ ದಿನವೇ ಪರೀಕ್ಷೆ ಮಾಡಿ ಥೀಸಿಸ್ ಕಟ್ಟಬೇಡಿ. ಆರು ತಿಂಗಳು ಬಿಟ್ಟು ಅದೇ ಮಕ್ಕಳ ಹತ್ತಿರ ಮತ್ತೆ ಹೋಗಲು ಮೊದಲೇ ಶಾಲೆಯ ಅನುಮತಿ ತೆಗೆದಿಟ್ಟುಕೊಳ್ಳಿ. ಆಮೇಲೆ ಕೇಳಿದರೆ ಪರೀಕ್ಷೆ ಹತ್ತಿರ ಬಂತು ಅಂತಾರೆ.